ಸದ್ದಿಗೆ ಗೆರೆ ಎಳೆದ ಮೇಷ್ಟ್ರು

ಮಾತಿನ ವೇಗ ನಿಮಿಷಕ್ಕೆ 100 ಪದ ಸುಲಭವಾಗಿ ದಾಟುತ್ತೆ. ಕೈಬರಹ 30 ಮುಟ್ಟೋದೂ ಕಷ್ಟ. ಕ್ಲಾಸಲ್ಲಿ ನೋಟ್ಸ್ ಬರೆಯೋ ನಮಗೆಲ್ಲ ಇದು ಗೊತ್ತಿರೋದೇ. ಈ ಅಂತರ ತುಂಬೋಕೆ ಹುಟ್ಟಿದ್ದು ಶೀಘ್ರಲಿಪಿ, ಅಂದ್ರೆ ಶಾರ್ಟ್‌ಹ್ಯಾಂಡ್. ಕೋರ್ಟು, ಶಾಸನಸಭೆ, ಪತ್ರಿಕೆಗಳ ವರದಿಗಾರರು ತಲೆಮಾರುಗಳ ಕಾಲ ನಂಬಿದ ಪದ್ಧತಿಯೊಂದನ್ನು ಕೊಟ್ಟವರು ಐಸಾಕ್ ಪಿಟ್‌ಮನ್.

ಅವರು ಹುಟ್ಟಿದ್ದು 1813ರ ಜನವರಿ 4ರಂದು, ಇಂಗ್ಲೆಂಡಿನ ಟ್ರೋಬ್ರಿಡ್ಜ್‌ನಲ್ಲಿ. ಸಣ್ಣ ವಯಸ್ಸಿಗೇ ಶಾಲೆ ಬಿಟ್ಟು ಬಟ್ಟೆ ಕಾರ್ಖಾನೆಯಲ್ಲಿ ಗುಮಾಸ್ತರಾದರು. ಓದಿ ಕಲಿತ ಎಷ್ಟೋ ಪದಗಳನ್ನು ಹೇಗೆ ಉಚ್ಚರಿಸಬೇಕು ಅಂತ ಗೊತ್ತಾಗದೆ, ಡಿಕ್ಷನರಿಯನ್ನೇ ಪೂರ್ತಿ ಓದಿದರಂತೆ. ಬರೆಯೋದು ಒಂದು, ಹೇಳೋದು ಇನ್ನೊಂದು ಅನ್ನೋ ಇಂಗ್ಲಿಷಿನ ಕಾಟ ಅವರನ್ನು ಕೊನೇವರೆಗೂ ಬಿಡಲಿಲ್ಲ.

ಆಮೇಲೆ ಮೇಷ್ಟ್ರಾದರು. ಆಗ ಬಳಕೆಯಲ್ಲಿದ್ದ ಟೇಲರ್ ಪದ್ಧತಿಯನ್ನು ಮಕ್ಕಳಿಗೆ ಕಲಿಸ್ತಾ, ಅದರ ಬಗ್ಗೆ ಅಗ್ಗದ ಪುಸ್ತಕ ತರೋಣ ಅಂದುಕೊಂಡರು. ಹೊಸದೇನಾದರೂ ಮಾಡಿ ಅಂತ ಪ್ರಕಾಶಕ ಬ್ಯಾಗ್‌ಸ್ಟರ್ ಸಲಹೆ ಕೊಟ್ಟರು. ಹಾಗೆ 1837ರಲ್ಲಿ ಪಿಟ್‌ಮನ್ ಪದ್ಧತಿ ಹೊರಬಂತು. ಆ ಪುಟ್ಟ ಪುಸ್ತಕದ ಬೆಲೆ ನಾಲ್ಕು ಪೆನ್ನಿ.

ಅದರ ಗುಟ್ಟು ಏನು ಗೊತ್ತಾ? ಸ್ಪೆಲ್ಲಿಂಗ್ ಬಿಟ್ಟು ಸದ್ದನ್ನಷ್ಟೇ ಬರೆಯೋದು. ಪ ಸದ್ದಿಗೆ ಓರೆಯಾದ ತೆಳು ಗೆರೆ, ಅದೇ ಗೆರೆ ದಪ್ಪ ಆದರೆ ಬ. ನೆಟ್ಟಗಿನ ಗೆರೆ ತೆಳು ಇದ್ದರೆ ಟ, ದಪ್ಪ ಇದ್ದರೆ ಡ. ಅಡ್ಡಗೆರೆಯಲ್ಲಿ ಕ ಮತ್ತು ಗ. ಸ್ವರಗಳಿಗೆ ಪಕ್ಕದಲ್ಲಿ ಚುಕ್ಕಿ, ಚಿಕ್ಕ ಗೀಟು. ಅವಸರದಲ್ಲಿ ಅವನ್ನೂ ಬಿಡಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಡೇಟಾ ಕಂಪ್ರೆಷನ್. ಕ-ಗ, ಟ-ಡ, ಪ-ಬ ಒಂದೇ ಸಾಲಲ್ಲಿ ಕೂರೋ ವರ್ಣಮಾಲೆ ಕಲಿತ ನಮಗೆ ಈ ಜೋಡಣೆ ಹೊಸದೇನಲ್ಲ.

ಇಷ್ಟರಲ್ಲೇ ಕೆಲಸವೂ ಹೋಗಿತ್ತು. ಸ್ವೀಡನ್‌ಬೋರ್ಗ್ ಪಂಥ ಸೇರಿದ್ದಕ್ಕೆ ಶಾಲೆಯ ಸಮಿತಿ ಅವರನ್ನು ತೆಗೆದುಹಾಕಿತ್ತು. 1839ರಲ್ಲಿ ಬಾತ್ ಊರಿಗೆ ಹೋದರು. ಮರುವರ್ಷ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಕಾಗದ ಕಳಿಸೋ ಅಂಚೆ ಬಂತು. ಪಿಟ್‌ಮನ್ ತಮ್ಮ ಪೂರ್ತಿ ಪದ್ಧತಿಯನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಒಂದು ಪೆನ್ನಿಗೆ ಮಾರಿದರು. ಕಲಿಯೋರು ಬೈಬಲ್ ಸಾಲುಗಳನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದು ಕಳಿಸಿದರೆ ತಿದ್ದುಪಡಿ ಉಚಿತ. ನಾವೀಗ ಮಾಡೋ ಆನ್‌ಲೈನ್ ಕೋರ್ಸಿನ ತಾತ ಇದೇ ಅನ್ನಬಹುದು. ಕಲಿತವರೇ ಇನ್ನಷ್ಟು ಜನಕ್ಕೆ ಕಲಿಸಿ, ತಿದ್ದಿ, ದೊಡ್ಡ ಬಳಗವೇ ಬೆಳೀತು. 1843ರಲ್ಲಿ ಅವರದೇ ಫೊನೆಟಿಕ್ ಸೊಸೈಟಿ ಶುರುವಾಯಿತು. ಅಣ್ಣ ಜೇಕಬ್ ಇದನ್ನು ಆಸ್ಟ್ರೇಲಿಯಾಕ್ಕೆ ಒಯ್ದರು. ತಮ್ಮ ಬೆನ್ ಅಮೆರಿಕಕ್ಕೆ ಹೋಗಿ, 1865ರಲ್ಲಿ ಲಿಂಕನ್ ಹತ್ಯೆಯ ಸಂಚುಗಾರರ ವಿಚಾರಣೆಯನ್ನು ದಾಖಲಿಸಿದರು.

ಆದ್ರೆ ಪಿಟ್‌ಮನ್‌ಗೆ ಶಾರ್ಟ್‌ಹ್ಯಾಂಡ್ ಅರ್ಧ ಕೆಲಸ ಅಷ್ಟೇ. ಇಂಗ್ಲಿಷ್ ಸ್ಪೆಲ್ಲಿಂಗನ್ನೇ ಸರಿಮಾಡಬೇಕು, ಬಡವರ ಮಕ್ಕಳೂ ಬೇಗ ಓದೋ ಹಾಗಾಗಬೇಕು ಅನ್ನೋದು ಅವರ ದೊಡ್ಡ ಆಸೆ. ದಶಕಗಟ್ಟಲೆ ಸಮಯ, ದುಡಿದ ಹಣ ಅದಕ್ಕೇ ಸುರಿದರು. 1894ರಲ್ಲಿ ಸರ್ ಪದವಿ ಬಂತು, ಸ್ಪೆಲ್ಲಿಂಗ್ ಮಾತ್ರ ಕದಲಲಿಲ್ಲ. 1897ರ ಜನವರಿ 22ರಂದು ಬಾತ್‌ನಲ್ಲೇ ತೀರಿಕೊಂಡರು.

ಈಗ ಫೋನೇ ರೆಕಾರ್ಡ್ ಮಾಡುತ್ತೆ. ಆದರೂ ನಮ್ಮ ರಾಜ್ಯದಲ್ಲಿ ಶೀಘ್ರಲಿಪಿ ಪರೀಕ್ಷೆಗಳು ಇನ್ನೂ ನಡೀತಿವೆ, ಶೀಘ್ರಲಿಪಿಗಾರರ ಹುದ್ದೆಗಳೂ ಇವೆ. ಪಿಟ್‌ಮನ್ ಅರ್ಧ ಅಂದುಕೊಂಡಿದ್ದ ಕೆಲಸವೇ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. ಅವರು ಗೆಲ್ಲದ ಇನ್ನರ್ಧವನ್ನು ಇಂಗ್ಲಿಷ್ ಮೀಡಿಯಂನ ನಾವು ಒಂದನೇ ಕ್ಲಾಸಿಂದ ಬಾಯಿಪಾಠ ಮಾಡಿದ್ದೀವಿ.