ಜೈ ಹಿಂದ್ ಕೊಟ್ಟ ಆಬಿದ್ ಹಸನ್ ಸಫ್ರಾನಿ

ಸ್ವಾತಂತ್ರ್ಯ ದಿನದಂದು ನಮ್ಮ ಕಾಲೇಜಿನ ಅಂಗಳದಲ್ಲಿ ಧ್ವಜ ಏರಿದ ಮೇಲೆ ನಾವೆಲ್ಲ ಒಂದೇ ದನಿಯಲ್ಲಿ ಜೈ ಹಿಂದ್ ಎನ್ನುತ್ತೇವೆ. ಈ ಘೋಷಣೆ ನೇತಾಜಿಯವರದು ಎಂದಷ್ಟೇ ನಮಗೆ ಗೊತ್ತು. ಆದರೆ ಇದನ್ನು ಸೂಚಿಸಿದವರು ಅವರ ಸಂಗಾತಿ, ಹೈದರಾಬಾದಿನ ಆಬಿದ್ ಹಸನ್ ಎಂದು ಇತಿಹಾಸಕಾರರಲ್ಲಿ ಅನೇಕರು ಹೇಳುತ್ತಾರೆ.

ಆಬಿದ್ ಹಸನ್ ಹುಟ್ಟಿದ್ದು 1911ರಲ್ಲಿ. ಆಗ ಇಂದಿನ ಬೀದರ್, ಕಲಬುರಗಿ, ರಾಯಚೂರುಗಳೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದವು. ತಾಯಿ ಫಕ್ರುಲ್ ಹಾಜಿಯಾ ಬೇಗಂ ಬ್ರಿಟಿಷ್ ಆಳ್ವಿಕೆಯ ಕಡು ವಿರೋಧಿ. ತಾರುಣ್ಯದಲ್ಲಿ ಮಗ ಗಾಂಧೀಜಿಯವರ ಸಾಬರಮತಿ ಆಶ್ರಮದಲ್ಲಿ ಕೆಲಕಾಲ ಇದ್ದರು. ನಂತರ ಇಂಜಿನಿಯರಿಂಗ್ ಓದಲು ಜರ್ಮನಿಗೆ ಹೋದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಸುಭಾಷ್‌ಚಂದ್ರ ಬೋಸ್ ಅಲ್ಲಿಗೆ ಬಂದರು. ಆಬಿದ್ ಓದನ್ನು ಬಿಟ್ಟು ಅವರ ಕಾರ್ಯದರ್ಶಿಯಾದರು.

ಉತ್ತರ ಆಫ್ರಿಕಾದ ಯುದ್ಧದಲ್ಲಿ ಸೆರೆಸಿಕ್ಕಿದ್ದ ಭಾರತೀಯ ಸೈನಿಕರನ್ನು ಸೇರಿಸಿ ಬೋಸ್ ಅವರು ಜರ್ಮನಿಯಲ್ಲಿ ಒಂದು ಸ್ವಯಂಸೇವಕ ಪಡೆ ಕಟ್ಟಿದರು. ಅದೇ ಆಜಾದ್ ಹಿಂದ್ ಲೀಜನ್. ಕ್ರಮೇಣ ಸುಮಾರು 3,000 ಮಂದಿ ಅದರಲ್ಲಿ ಸೇರಿದರು. ಸೇರಲು ಒಪ್ಪದ ಕೈದಿಗಳೂ ಬಹಳ ಮಂದಿ ಇದ್ದರು. ಲೀಜನ್ ಸೈನಿಕರ ತೋಳಿನ ಪಟ್ಟಿಯ ಮೇಲೆ ತ್ರಿವರ್ಣ ಮತ್ತು ನೆಗೆಯುವ ಹುಲಿಯ ಚಿತ್ರವಿತ್ತು. ಅದನ್ನು ನೋಡಿದರೆ ನಮಗೆ ಟಿಪ್ಪು ಸುಲ್ತಾನರ ಹುಲಿ ನೆನಪಾಗುತ್ತದೆ.

ಬ್ರಿಟಿಷ್ ಸೇನೆಯಲ್ಲಿ ಜಾತಿ, ಧರ್ಮ, ಪ್ರಾಂತ್ಯ ನೋಡಿ ತುಕಡಿಗಳನ್ನು ಮಾಡುತ್ತಿದ್ದರು. ಲೀಜನ್‌ನಲ್ಲಿ ಹಿಂದೂ, ಮುಸ್ಲಿಂ, ಸಿಖ್ ಎಲ್ಲರನ್ನೂ ಬೆರೆಸಲಾಯಿತು. ಆಗ ಒಂದು ಸಣ್ಣ ತೊಡಕು ಎದುರಾಯಿತು. ಒಬ್ಬರನ್ನೊಬ್ಬರು ಕಂಡಾಗ ಏನೆನ್ನಬೇಕು? ಸಲಾಂ, ನಮಸ್ತೆ, ಸತ್ ಶ್ರೀ ಅಕಾಲ್ ಎಂದು ಒಬ್ಬೊಬ್ಬರದು ಒಂದೊಂದು ರೂಢಿ. ಆಬಿದ್ ಮೊದಲು ಜೈ ಹಿಂದೂಸ್ತಾನ್ ಕೀ ಎಂಬುದನ್ನು ಯೋಚಿಸಿ, ಬಳಿಕ ಅದನ್ನು ಜೈ ಹಿಂದ್ ಎಂದು ಚಿಕ್ಕದು ಮಾಡಿದರಂತೆ. ಯಾರೂ ತಮ್ಮ ಧರ್ಮ ಬಿಡಬೇಕಾಗಿರಲಿಲ್ಲ, ಇನ್ನೊಬ್ಬರ ಧರ್ಮದ ಮಾತನ್ನೂ ಆಡಬೇಕಾಗಿರಲಿಲ್ಲ. ಕೇಸರಿ ಎಂಬ ಅರ್ಥದ ಸಫ್ರಾನಿ ಎಂಬ ಹೆಸರನ್ನು ಅವರು ತಮ್ಮ ಹೆಸರಿಗೆ ಸೇರಿಸಿಕೊಂಡದ್ದೂ ಇದೇ ಸೌಹಾರ್ದದ ಮನಸ್ಸಿನಿಂದ.

ಈ ಪಡೆಯ ಕಥೆಯಲ್ಲಿ ನೋವಿನ ಪುಟವೂ ಇದೆ. ಬ್ರಿಟಿಷರನ್ನು ಓಡಿಸಲು ಬೇಡಿದ ನೆರವು ಹಿಟ್ಲರನ ಸರ್ಕಾರದ್ದಾಗಿತ್ತು. ಸೈನಿಕರ ಪ್ರಮಾಣವಚನದಲ್ಲಿ ಅವನ ಹೆಸರೂ ಇತ್ತು. ಲೀಜನ್ ಒಮ್ಮೆಯೂ ಭಾರತದ ಗಡಿ ತಲುಪಲಿಲ್ಲ. ಸ್ವಾತಂತ್ರ್ಯದ ದಾರಿಯಲ್ಲಿ ಯಾರ ಕೈ ಹಿಡಿಯಬಹುದು, ಯಾರದು ಹಿಡಿಯಬಾರದು ಎಂಬ ಪ್ರಶ್ನೆ ಇಂದಿಗೂ ನಮ್ಮ ಮುಂದಿದೆ.

1943ರ ಫೆಬ್ರವರಿಯಲ್ಲಿ ಬೋಸ್ ಜರ್ಮನಿ ಬಿಟ್ಟಾಗ ಜೊತೆಗೆ ಹೊರಟ ಏಕೈಕ ಭಾರತೀಯ ಆಬಿದ್. ಕೀಲ್ ಬಂದರಿನಿಂದ ಜಲಾಂತರ್ಗಾಮಿಯಲ್ಲಿ ಸುಮಾರು ಮೂರು ತಿಂಗಳ ಪಯಣ. ಮಡಗಾಸ್ಕರ್ ಬಳಿ, ಅಬ್ಬರಿಸುವ ಕಡಲಲ್ಲಿ, ರಬ್ಬರ್ ದೋಣಿಯಲ್ಲಿ ದಾಟಿ ಜಪಾನಿನ ಜಲಾಂತರ್ಗಾಮಿಯನ್ನು ಏರಿದರು. ಮೇ ತಿಂಗಳಲ್ಲಿ ಸುಮಾತ್ರಾ ತಲುಪಿದರು. ಅನಂತರ ಆಬಿದ್ ಆಜಾದ್ ಹಿಂದ್ ಫೌಜ್‌ನ ಅಧಿಕಾರಿಯಾಗಿ ಇಂಫಾಲ ಯುದ್ಧದಲ್ಲಿ ಪಾಲ್ಗೊಂಡರು. ಮಳೆ, ಹಸಿವು, ಮಲೇರಿಯಾಗಳ ನಡುವೆ ಹಿಂದೆ ಸರಿದ ಆ ಸಾಮಾನ್ಯ ಸೈನಿಕರ ಬಗ್ಗೆ ಮುಂದೆ ತಾವೇ ಬರೆದರು.

ದೇಶ ಸ್ವತಂತ್ರವಾಯಿತು. 1947ರ ನವೆಂಬರ್ 21ರಂದು ಹೊರಬಂದ ಸ್ವತಂತ್ರ ಭಾರತದ ಮೊದಲ ಅಂಚೆಚೀಟಿಯ ಮೇಲೆ ಧ್ವಜದ ಜೊತೆ ಜೈ ಹಿಂದ್ ಎಂದು ಅಚ್ಚಾಗಿತ್ತು. ಆದರೆ ಆ ಮಾತನ್ನು ಆಡುತ್ತ ಹೋರಾಡಿದ ಫೌಜ್‌ನ ಸೈನಿಕರನ್ನು ಭಾರತೀಯ ಸೇನೆ ಮರಳಿ ಸೇರಿಸಿಕೊಳ್ಳಲಿಲ್ಲ. ಅವರಿಗೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬಂದದ್ದು 1972ರಲ್ಲಿ. ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು.

ಆಬಿದ್ ವಿದೇಶಾಂಗ ಸೇವೆ ಸೇರಿ ಡೆನ್ಮಾರ್ಕಿನಲ್ಲಿ ಭಾರತದ ರಾಯಭಾರಿಯಾದರು. 1969ರಲ್ಲಿ ನಿವೃತ್ತರಾಗಿ ಹೈದರಾಬಾದಿಗೆ ಮರಳಿದರು. 1984ರಲ್ಲಿ ಅಲ್ಲಿಯೇ ಇಹಲೋಕ ತ್ಯಜಿಸಿದರು.

ಗೆಳೆಯರೇ, ಮುಂದಿನ ಸಲ ಜೈ ಹಿಂದ್ ಎನ್ನುವಾಗ ಅವರನ್ನೂ ಒಂದು ಕ್ಷಣ ನೆನೆಯೋಣ. ಪಕ್ಕದಲ್ಲಿ ನಿಂತವರು ಯಾವ ಧರ್ಮದವರೇ ಆಗಿರಲಿ, ಅವರಿಗೂ ನಮಗೂ ಸಮಾನವಾಗಿ ಸೇರಿದ ಮಾತು ಬೇಕೆಂದೇ ಅದು ಹುಟ್ಟಿತು.