ಎಸ್ಟಿಮೇಟರ್ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದ ಲಾಲಾ ದೀನ್ ದಯಾಳ್

ಹೈದರಾಬಾದ್ ನಿಜಾಮರ ಅರಮನೆ, ದರ್ಬಾರು, ಶಿಕಾರಿಯ ಹಳೆಯ ಚಿತ್ರಗಳನ್ನು ನೋಡಿದವರಿಗೆ ಲಾಲಾ ದೀನ್ ದಯಾಳ್ ಅವರ ಹೆಸರು ಹೊಸದೇನಲ್ಲ. ಆದರೆ ಈ ಖ್ಯಾತ ಛಾಯಾಗ್ರಾಹಕರು ಸುಮಾರು ನಲವತ್ತರ ವಯಸ್ಸಿನವರೆಗೂ ಸರಕಾರಿ ನೌಕರರಾಗಿದ್ದರು ಎಂಬುದು ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ.

ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಬಳಿಯ ಸರ್ಧಾನಾದ ಜೈನ ಕುಟುಂಬದಲ್ಲಿ. ರೂರ್ಕಿಯ ಥಾಮಸನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಗೆ ಸೇರಿದರು. ಅಂದಾಜು ಪಟ್ಟಿ ತಯಾರಿಸುವುದು, ನಕ್ಷೆ ಬರೆಯುವುದು ಅವರ ಕೆಲಸ. ಓದಿಗೆ ತಕ್ಕ ಉದ್ಯೋಗ, ತಿಂಗಳಿಗೆ ತಪ್ಪದ ಸಂಬಳ. ಸಂಸಾರಸ್ಥನಿಗೆ ಇನ್ನೇನು ಬೇಕು?

1874ರ ಸುಮಾರಿಗೆ ಅವರು ಕ್ಯಾಮೆರಾ ಹಿಡಿದರು. ಆಗ ಅದು ಸುಲಭದ ಹವ್ಯಾಸವಾಗಿರಲಿಲ್ಲ. ಗಾಜಿನ ಫಲಕಕ್ಕೆ ರಾಸಾಯನಿಕ ಹಚ್ಚಿ, ಹಸಿಯಿರುವಾಗಲೇ ಚಿತ್ರ ತೆಗೆದು, ಒಣಗುವ ಮೊದಲೇ ತೊಳೆಯಬೇಕು. ಹೊರಗೆ ಹೋದರೆ ಡಾರ್ಕ್ ರೂಮನ್ನೂ ಹೊತ್ತೊಯ್ಯಬೇಕು. ಒಂದು ಫಲಕ ಒಡೆದರೂ ಅಷ್ಟೂ ಶ್ರಮ ವ್ಯರ್ಥ. ಆದರೂ ದಯಾಳ್ ಬಿಡಲಿಲ್ಲ. ಇಂದೋರಿನ ಮಹಾರಾಜ ತುಕೋಜಿರಾವ್ ಹೋಳ್ಕರ್ ಪ್ರೋತ್ಸಾಹ ನೀಡಿದರು. ಬ್ರಿಟಿಷ್ ಅಧಿಕಾರಿ ಸರ್ ಹೆನ್ರಿ ಡೇಲಿ ಅವರ ಬೆಂಬಲದಿಂದ ದೊಡ್ಡವರ ಪರಿಚಯವಾಯಿತು. 1875-76ರಲ್ಲಿ ಭಾರತಕ್ಕೆ ಬಂದಿದ್ದ ಇಂಗ್ಲೆಂಡಿನ ಯುವರಾಜರ ಚಿತ್ರ ತೆಗೆಯುವ ಅವಕಾಶವೂ ಸಿಕ್ಕಿತು.

ಇಷ್ಟು ಹೆಸರು ಬಂದಮೇಲೆ ಬೇರೆಯವರಾಗಿದ್ದರೆ ಮರುದಿನವೇ ರಾಜೀನಾಮೆ ಬರೆಯುತ್ತಿದ್ದರೇನೋ. ದಯಾಳ್ ಅವಸರಪಡಲಿಲ್ಲ. ಸುಮಾರು ಹತ್ತು ವರ್ಷ ಕಚೇರಿಯನ್ನೂ ಕ್ಯಾಮೆರಾವನ್ನೂ ಜೊತೆಯಾಗಿಯೇ ನಿಭಾಯಿಸಿದರು. ಸರ್ ಲೆಪೆಲ್ ಗ್ರಿಫಿನ್ ಅವರೊಂದಿಗೆ ಮಧ್ಯ ಭಾರತ ಸುತ್ತಿ ಅವರು ತೆಗೆದ ಪ್ರಾಚೀನ ಸ್ಮಾರಕಗಳ ಚಿತ್ರಗಳು 1886ರಲ್ಲಿ ಗ್ರಂಥರೂಪದಲ್ಲಿ ಬಂದವು. ಆದರೆ ಇಂಥ ಕೆಲಸಕ್ಕೆ ಕಚೇರಿಯ ರಜೆ ಎಲ್ಲಿ ಸಾಲಬೇಕು? ನೌಕರಿ ಬಿಟ್ಟರೆ ಸಂಬಳ ಹೋಗುತ್ತದೆ, ರಾಜ ಮಹಾರಾಜರ ಕೃಪೆಯನ್ನೇ ನಂಬಬೇಕು. ಬಿಡದಿದ್ದರೆ ಚಿತ್ರಗಳು ಅರ್ಧಕ್ಕೇ ನಿಲ್ಲುತ್ತವೆ. ಕೊನೆಗೆ ಎರಡು ವರ್ಷಗಳ ದೀರ್ಘ ರಜೆ ಪಡೆದು ಚಿತ್ರಸರಣಿಯನ್ನು ಮುಂದುವರಿಸಿದರು. ಬಳಿಕವೇ ಸರಕಾರಿ ಸೇವೆಗೆ ವಿದಾಯ ಹೇಳಿದ್ದು. ಈ ಲೆಕ್ಕಾಚಾರದಲ್ಲಿ ಹಳೆಯ ಎಸ್ಟಿಮೇಟರ್ ಕಾಣುವುದಿಲ್ಲವೇ!

ಮುಂದಿನದು ಬಹುಮಟ್ಟಿಗೆ ಗೊತ್ತಿರುವ ಕಥೆ. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಬೀದರ್, ಕಲಬುರಗಿ, ರಾಯಚೂರುಗಳನ್ನೂ ಒಳಗೊಂಡಿದ್ದ ರಾಜ್ಯದ ಒಡೆಯರಾದ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅವರನ್ನು ಆಸ್ಥಾನ ಛಾಯಾಗ್ರಾಹಕರನ್ನಾಗಿಸಿ, 'ರಾಜಾ' ಬಿರುದಿತ್ತು ಗೌರವಿಸಿದರು. ಪರದೆಯ ಸ್ತ್ರೀಯರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಆಂಗ್ಲ ಮಹಿಳೆಯೊಬ್ಬರ ಮೇಲ್ವಿಚಾರಣೆಯ ಪ್ರತ್ಯೇಕ ಸ್ಟುಡಿಯೋ ಆರಂಭವಾಯಿತು. 1896ರಲ್ಲಿ ಮುಂಬಯಿಯಲ್ಲೂ ಶಾಖೆ ತೆರೆಯಿತು.

1904ರಲ್ಲಿ ವ್ಯವಹಾರದಲ್ಲಿ ಜೊತೆಗಿದ್ದ ಮಗ ಧರಮ್‌ಚಂದ್ ತೀರಿಕೊಂಡರು. ಮರುವರ್ಷವೇ, 1905ರಲ್ಲಿ ದಯಾಳ್ ಕೂಡ ನಿಧನರಾದರು. ಅವರ ಸಂಸ್ಥೆಯ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ತನ್ನ ಸಂಗ್ರಹಕ್ಕೆ ಪಡೆದುಕೊಂಡಿತು.