ಬ್ರೂಸ್ ಲೀ ಮತ್ತೆ ಶಿಷ್ಯನಾದಾಗ

ಬ್ರೂಸ್ ಲೀ ಅಂದ್ರೆ ನಮಗೆ ನೆನಪಾಗೋದು ಪಂಚ್, ಕಿಕ್. 1940ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ ಹಾಂಗ್‌ಕಾಂಗ್‌ನಲ್ಲಿ ಬೆಳೆದ ಈತ ಇಪ್ ಮ್ಯಾನ್ ಹತ್ತಿರ ವಿಂಗ್ ಚುನ್ ಕಲಿತ. ಅದು ನಿಂತು, ಹತ್ತಿರದಿಂದ ಹೊಡೆಯುವ ವಿದ್ಯೆ. ಎದುರಾಳಿ ತಬ್ಬಿ ನೆಲಕ್ಕೆ ಕೆಡವಿದರೆ ಅದರಲ್ಲಿ ಹೆಚ್ಚು ಉತ್ತರವಿಲ್ಲ. 1964ರಲ್ಲಿ ಓಕ್ಲೆಂಡ್‌ನಲ್ಲಿ ವಾಂಗ್ ಜ್ಯಾಕ್ ಮ್ಯಾನ್ ಜೊತೆ ಕಾದಾಡಿದ ಮೇಲೆ ಕಲಿತದ್ದು ಸಾಲದು ಅನ್ನಿಸಿತು.

1966ರಲ್ಲಿ ‘ದಿ ಗ್ರೀನ್ ಹಾರ್ನೆಟ್’ ಶೂಟಿಂಗ್‌ನಲ್ಲಿ ಜೂಡೋ ಚಾಂಪಿಯನ್ ಜೀನ್ ಲೆಬೆಲ್ ಸಿಕ್ಕ. ಅಷ್ಟರಲ್ಲಿ ತಾನೇ ಗುರುವಾಗಿದ್ದ ಲೀ ಮತ್ತೆ ಶಿಷ್ಯನಾಗಿ ಹಿಡಿತ, ಪಟ್ಟು ಕಲಿತ. ಬದಲಿಗೆ ಲೆಬೆಲ್‌ಗೆ ತನ್ನ ಒದೆತ ಕಲಿಸಿದ. ‘ಎಂಟರ್ ದಿ ಡ್ರ್ಯಾಗನ್’ನ ಮೊದಲ ಫೈಟ್ ನೋಡಿ: ಸ್ಯಾಮೊ ಹಂಗ್ ಸೋಲೋದು ಒದೆತಕ್ಕಲ್ಲ, ನೆಲದ ಮೇಲಿನ ಪಟ್ಟಿಗೆ. ಆ ಚಿತ್ರ ತೆರೆಕಾಣುವ ಮುನ್ನ, 1973ರ ಜುಲೈನಲ್ಲಿ, 32ಕ್ಕೇ ಲೀ ತೀರಿಕೊಂಡ. ಹೆಸರು ಬಂದ ಮೇಲೂ ಕಲಿಯೋದು ಬಿಟ್ಟಿರಲಿಲ್ಲ.